ಮುದಿ ಎತ್ತಿಗೆ ಹೊಸ ಲಾಳ

ಕಂಪ್ಯೂಟರ್ ರಿಪೇರಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಕಸೂತಿ ಕೆಲಸದ ಹಿರಿಯ ಹೆಂಗಸೊಬ್ಬರು ನಿಂತಿದ್ದರು. ಅವರ ಕಂಪ್ಯೂಟರ್ ಮುಚ್ಚಳ ಕಳಚಿಕೊಂಡು ಕೌಂಟರಿನ ಮೇಲೆ ಕೂತಿತ್ತು.

“ಗ್ರಾಫಿಕ್ಸ್ ಕಾರ್ಡ್ ಸುಟ್ಟೋಗಿದೆ ಅಮ್ಮಾ. ಹನ್ನೊಂದು ವರ್ಷದ ಡಬ್ಬ ಇದು, ಹೊಸದೇ ತಗೊಂಬಿಡಿ.”

“ಡಬ್ಬ ಗಿಬ್ಬ ಅನ್ಬೇಡ. ನನ್ನ ಡಿಸೈನೆಲ್ಲ ಹುಟ್ಟಿದ್ದು ಇದರಲ್ಲೇ. ಕಾರ್ಡ್ ಒಂದೇ ಹಾಕು.”

“ಈಗಿನ ಕಾರ್ಡಿಗೆ ಕರೆಂಟ್ ಜಾಸ್ತಿ ಬೇಕು. ಇದರ ಪವರ್ ಸಪ್ಲೈ ತಡೆಯಲ್ಲ.”

“ಬೇರೆ ವೈರ್ ಕೇಳದೇ ಇರೋ ಚಿಕ್ಕ ಕಾರ್ಡ್ ಬರುತ್ತಲ್ಲ, ಅದನ್ನ ಕೊಡು. ನಾನೇನು ಗೇಮ್ ಆಡ್ತೀನಾ?”

“ಅದೂ ಇದೆ, ಅಗ್ಗಾನೇ. ಆದ್ರೂ ಮುದಿ ಎತ್ತಿಗೆ ಹೊಸ ಲಾಳ ಯಾಕಮ್ಮಾ?”

“ಹೋದ ವರ್ಷ ನನ್ನ ಎರಡೂ ಮಂಡಿ ಬದಲಾಯಿಸಿದ್ರು. ಆ ಡಾಕ್ಟರು ನನ್ನ ಮಗಳಿಗೆ, ‘ಈ ಅಮ್ಮ ಹಳೇದಾಯ್ತು, ಹೊಸ ಅಮ್ಮನ್ನ ತಗೊಂಬಿಡಿ’ ಅಂದ್ರಾ?”

ಅಂಗಡಿಯವನು ಡ್ರಾಯರ್ ಎಳೆದು ಚಿಕ್ಕ ಕಾರ್ಡೊಂದನ್ನು ತೆಗೆದು ಕೂರಿಸಿದ. ಪರದೆಯ ಮೇಲೆ ಅರ್ಧ ಬಿಡಿಸಿದ ಹೂಬಳ್ಳಿ ಮೂಡಿತು.

“ಭಾರ ಇದೆ, ಮೆಟ್ಟಿಲು ಬೇರೆ. ನಾನೇ ಇಳಿಸಿಕೊಡ್ತೀನಿ, ತಾಳಿ,” ಎಂದ ಅವನು ಮುಚ್ಚಳ ಹಾಕುತ್ತಾ.

“ಬೇಡಪ್ಪ,” ಎಂದು ಅವರು ಕಂಪ್ಯೂಟರನ್ನು ಎದೆಗವಚಿಕೊಂಡರು. “ಲಾಳ ಹೊಸದು.”