ತನಗೆ ತಾನೇ ಸಹಿ ಹಾಕಿಕೊಂಡವನು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ಶುರು ಮಾಡಿದರೆ, ಹಳೇ ಕಾಲದ ಕಥೆ ಅಂತ ನೀವು ತೂಕಡಿಸ್ತೀರಿ. ಏಳಿ, ಇದು ನಮ್ಮ ಕಾಲದ ಶ್ರೀಮಂತ. ಅವನಿಗೆ ಎಣ್ಣೆ ಮಿಲ್ಲಿತ್ತು, ಮಿಲ್ಲಿನ ಆಫೀಸಿನಲ್ಲಿ ಸ್ವಂತದ್ದೊಂದು ಮೇಲ್ ಸರ್ವರ್ ಇತ್ತು. ಸರ್ವರ್ ಅಂದರೆ ಟಪಾಲೆಲ್ಲ ಬಂದು ಸೇರೋ ಅಂಚೆಮನೆ ಅಂದುಕೊಳ್ಳಿ. ನೆಂಟರಿಗೆಲ್ಲ ಅದರಲ್ಲಿ ಒಂದೊಂದು ವಿಳಾಸ ಕೊಟ್ಟಿದ್ದ.

ನೋಡಿ, ಇಂಥ ಸರ್ವರಿಗೆ 'ಇದು ಇಂಥವರದ್ದೇ, ನಿಜ' ಅನ್ನೋ ಪ್ರಮಾಣಪತ್ರ ಬೇಕು. ಎಲ್ಲರೂ ನಂಬೋ ಹೊರಗಿನ ಸಂಸ್ಥೆ ಅದಕ್ಕೆ ಸಹಿ ಹಾಕುತ್ತೆ. ಶ್ರೀಮಂತ ಏನಂದ? "ನನಗೆ ಇನ್ನೊಬ್ಬರು ಸಾಕ್ಷಿ ಹೇಳಬೇಕೇನ್ರೀ?" ಅಂದ. ತನ್ನ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಂಡ.

ಮಗಳ ಮದುವೆ ಬಂತು. ಹತ್ತಿರದವರನ್ನ ಮನೆಗೆ ಹೋಗಿ, ಕುಂಕುಮ ಕೊಟ್ಟು ಕರೆದ. ದೂರದೂರಿನವರಿಗೆ ಲಗ್ನಪತ್ರಿಕೆ ಮೇಲ್ ಮಾಡಿದ. ಒಡಹುಟ್ಟಿದ ತಂಗಿ ಇರೋದು ಎರಡು ಬೀದಿ ಆಚೆ. ಅವಳಿಗೂ ಮೇಲ್! ಯಾಕೆ? ಯಾಕೆ ಅಂತ ನಿಮಗೆ ಗೊತ್ತು ತಾಯಂದಿರೇ. ಅವಳು ಗಂಡನ್ನ ಕಳಕೊಂಡವಳು. ಹೋದರೆ ಕುಂಕುಮ ಕೊಡಬೇಕಲ್ಲ. ಆ ಗಂಡ ಸತ್ತ ದಿನವೂ ಇವನು ಹೋಗಿರಲಿಲ್ಲ, ಡ್ರೈವರ್ ಕೈಲಿ ಹಾರ ಕಳಿಸಿದ್ದ.

ಮೇಲ್ ತೆಗೆಯೋಕೆ ಹೋದ ನೆಂಟರನ್ನೆಲ್ಲ ಕಂಪ್ಯೂಟರು ಕೇಳಿತು: "ಈ ಪ್ರಮಾಣಪತ್ರಕ್ಕೆ ಕೊಟ್ಟವರೇ ಸಹಿ ಹಾಕಿದ್ದಾರೆ. ನಂಬುತ್ತೀರಾ?" ಎಲ್ಲರೂ 'ನಂಬುತ್ತೇನೆ' ಒತ್ತಿದರು. ಓದಿ ಒತ್ತಿದವರು ಯಾರಪ್ಪಾ? ತಂಗಿ ಒಬ್ಬಳೇ ಓದಿದಳು. ಓದಿ, 'ಇಲ್ಲ' ಒತ್ತಿದಳು.

ಮದುವೆ ಹತ್ತಿರ ಬಂತು, ತಂಗಿಯ ಸುದ್ದಿಯೇ ಇಲ್ಲ. ಮಗಳು ಹಠ ಹಿಡಿದಳು. "ಸೋದರತ್ತೆ ಬರದೆ ನಾನು ಹಸೆಗೆ ಕೂರಲ್ಲ ಅಪ್ಪಾ."

ಶ್ರೀಮಂತ ಸರ್ವರ್ ಕೂರಿಸಿದವನನ್ನ ಕರೆಸಿ ಬೈದ. ಅವನು ಸರ್ವರ್ ನೋಡಿ ಅಂದ, "ಯಜಮಾನ್ರೇ, ಅಮ್ಮನವರು 'ಇಲ್ಲ' ಒತ್ತಿದ್ದಾರೆ. ಅವರು ಮಾಡಿದ್ದೇ ಸರಿ. ನಿಮ್ಮ ಹೆಸರಲ್ಲಿ ಕಳ್ಳನೂ ಹೀಗೇ ಸಹಿ ಹಾಕ್ಕೋಬಹುದು. ಪ್ರಮಾಣಪತ್ರಕ್ಕೆ ಅಕ್ಷರ, ಅಂಕಿ ಸೇರಿದ ಒಂದು ಗುರುತಿನ ಸಂಖ್ಯೆ ಇರುತ್ತೆ. ನೀವು ಓದಬೇಕು, ಅವರು ತಮ್ಮ ಪರದೆಯಲ್ಲಿ ತಾಳೆ ನೋಡಬೇಕು. ಫೋನಲ್ಲೇ ಆಗುತ್ತೆ."

ಫೋನು! ತಂಗಿ ಇವನ ಫೋನ್ ಎತ್ತದೆ ಎಷ್ಟು ಕಾಲವಾಗಿತ್ತೋ. ಸಂಖ್ಯೆಯ ಚೀಟಿ ಹಿಡಕೊಂಡು ಅವನೇ ನಡೆದ.

ತಂಗಿ ಬಾಗಿಲು ತೆಗೆದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ನಿನ್ನ ಕಂಪ್ಯೂಟರು ನನ್ನ ನಂಬ್ತಿಲ್ಲವಂತೆ," ಅಂದ.

"ನಿನ್ನ ಪರವಾಗಿ ನೀನೊಬ್ಬನೇ ಹೇಳ್ತಿದ್ದೀ ಅಂತು ಅಣ್ಣಾ. ನನಗೂ ಬೇರೆ ಯಾರೂ ನೆನಪಾಗಲಿಲ್ಲ."

ಅವನು ಕೂತು ಚೀಟಿ ಓದಿದ. ಅವಳು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ನೋಡಿದಳು. ಎಲ್ಲ ತಾಳೆಯಾಯಿತು. 'ನಂಬುತ್ತೇನೆ' ಒತ್ತಿದಳು. ಲಗ್ನಪತ್ರಿಕೆ ತೆರೆದುಕೊಂಡಿತು. 'ಸಕುಟುಂಬ ಸಪರಿವಾರ ಸಮೇತರಾಗಿ ಬಂದು' ಅಂತ ಅವಳೇ ಗಟ್ಟಿಯಾಗಿ ಓದಿದಳು. ಆ ಮನೆಯಲ್ಲಿ ಅವಳನ್ನ ಬಿಟ್ಟರೆ ಯಾರೂ ಇರಲಿಲ್ಲ.

"ಪತ್ರ ನಿನ್ನದೇ ಅಂತ ಮಿಷನ್ನು ನಂಬ್ತು ಅಣ್ಣಾ. ನೀನು ನನ್ನ ಕರೀತಿದ್ದೀ ಅಂತ ನಾನು ಹ್ಯಾಗೆ ನಂಬಲಿ?"

ಊರಿಗೆಲ್ಲ ಬುದ್ಧಿ ಹೇಳೋ ಮನುಷ್ಯ ಎದ್ದ. ದೇವರ ಗೂಡಿನಲ್ಲಿದ್ದ ಕುಂಕುಮದ ಭರಣಿ ತಂದು ಅವಳ ಮುಂದೆ ಹಿಡಿದ. "ನೀನಿಲ್ಲದೆ ನಮ್ಮ ಮನೇಲಿ ಧಾರೆ ಇಲ್ಲ. ಬಾಮ್ಮ. ತಪ್ಪಾಯ್ತು."

ಅವಳು ಅತ್ತಳು. ಅತ್ತು, ಕುಂಕುಮ ತಗೊಂಡು ಹಣೆಗಿಟ್ಟುಕೊಂಡಳು.

ಈಗ ನಿಮ್ಮ ಕಡೆ ತಿರುಗ್ತೀನಿ. ನಾನು ಒಳ್ಳೇ ಅಣ್ಣ, ನಾನು ಒಳ್ಳೇ ಮಗ, ನಾನು ಒಳ್ಳೇ ಸೊಸೆ ಅಂತ ಸಹಿ ಹಾಕಿದವರು ಯಾರು? ನೀವೇ! ಇನ್ನೊಬ್ಬರ ಬಾಯಲ್ಲಿ ಆ ಮಾತು ಬಂದಿದೆಯಾ? ನಿಮ್ಮ ಮನೆತನದಲ್ಲೂ ಒಬ್ಬಳಿದ್ದಾಳೆ. ಶುಭಕಾರ್ಯ ಅಂದ ಕೂಡಲೇ ನೀವು ಮೆಲ್ಲಗೆ ಬಿಟ್ಟುಬಿಡೋ ಹಣೆ ಅವಳದ್ದು. ಇನ್ನು ಮೇಲೆ ನಿಮ್ಮ ಮನೆ ಶುಭಕಾರ್ಯಕ್ಕೆ ಮೊದಲು ಅವಳ ಬಾಗಿಲಿಗೆ ಹೋಗಿ. ಮೇಲ್ ಬೇಡ, ಫೋನ್ ಬೇಡ, ಕಾಲಲ್ಲಿ ನಡೆದು ಹೋಗಿ. ಮೊದಲ ಕುಂಕುಮ ಅವಳಿಗೆ ಕೊಡಿ. ಆಮೇಲೆ ನೀವು ಒಳ್ಳೆಯವರು ಅಂತ ಅವಳು ಹೇಳಲಿ. ನೀವು ಹೇಳಿಕೊಳ್ಳಬೇಡಿ.