ಸವೆಯದ ಕಿಂಡಿ

ಅಕ್ಷರಕ್ಕೂ ಅಂಕಿಗೂ ಒಡೆಯನಾದ ಪರಮಾತ್ಮನಿಗೆ ನಮಿಸಿ ಹೇಳುವ ಮಾತಿದು. ರಿಪೇರಿ ಅಂಗಡಿಯ ಸಾಲಿನಲ್ಲಿ ಕಿವಿಗೆ ಬಿದ್ದದ್ದು.

ಬಟ್ಟೆ ಹೊಲಿಯುವ ದೊಡ್ಡಮ್ಮ ತಂಗಿಯ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದರು. ಹುಡುಗಿ ಮೂರು ವರ್ಷ ಪ್ರೋಗ್ರಾಂ ಬರೆದ ಗ್ರಾಫಿಂಗ್ ಕ್ಯಾಲ್ಕುಲೇಟರ್ ಶಾಲೆಯದು. ಕಂಪ್ಯೂಟರಿನಿಂದ ಪ್ರೋಗ್ರಾಂ ಕಳಿಸಲು ಕೇಬಲ್ ಸಿಕ್ಕಿಸುವ ಅದರ ಯುಎಸ್‌ಬಿ ಕಿಂಡಿ ಸಡಿಲವಾಗಿದ್ದರೆ ಮುಂದಿನ ವರ್ಷಕ್ಕೆ ಶಾಲೆಯವರು ಅದನ್ನು ಅವಳ ಕೈಗೆ ಕೊಡುವುದಿಲ್ಲ.

ರಿಪೇರಿಯವನು ಭೂತಗನ್ನಡಿಯಿಂದ ಕಣ್ಣು ತೆಗೆದ. "ಕಿಂಡಿ ಹೊಸದರ ಹಾಗೇ ಬಿಗಿಯಾಗಿದೆ. ಇದನ್ನ ಬಳಸಿದ್ದೀಯೇನಮ್ಮ, ಇಲ್ಲಾ ಪೂಜೆ ಮಾಡಿದ್ದೀಯ?" ಎಂದು ಹುಡುಗಿಯನ್ನು ಕೇಳಿದ.

"ದಿನಾ ಬಳಸಿದ್ದೀನಿ ಅಣ್ಣ," ಎಂದಳು ಅವಳು. " ಮೊದಲ ದಿನವೇ ಗೇಣುದ್ದದ ಕೇಬಲ್ ಸಿಕ್ಕಿಸಿಬಿಟ್ಟೆ, ಇವತ್ತೇ ತೆಗೆದದ್ದು. ಹಾಕೋದು ಕೀಳೋದು ಎಲ್ಲ ಕೇಬಲ್ಲಿನ ಇನ್ನೊಂದು ತುದೀಲಿ. ಸವೆದರೆ ಅದು ಸವೆಯಲಿ."

"ತಪ್ಪು ತಿದ್ದಿದಾಗೆಲ್ಲ ಮತ್ತೆ ಚುಚ್ಚಬೇಕಲ್ಲ?"

"ಇಲ್ಲ, ಮೊದಲು ಕಂಪ್ಯೂಟರಿನಲ್ಲೇ ಓಡಿಸಿ ನೋಡ್ತೀನಿ. ಸರಿಯಾದ ಮೇಲೆ ಒಂದೇ ಸಲ ಇದಕ್ಕೆ ಕಳಿಸ್ತೀನಿ."

"ಯಾರು ಹೇಳಿಕೊಟ್ಟರು?"

"ನಮ್ಮ ದೊಡ್ಡಮ್ಮ. ಹಳೇ ಬಟ್ಟೇಲಿ ಹೊಲಿದು ನೋಡದೆ ಗಿರಾಕಿ ಬಟ್ಟೆಗೆ ಸೂಜಿ ಹಾಕಿದರೆ ಕಿವಿ ಹಿಂಡ್ತಾರೆ."

"ಹಿಂಡಿದ್ದು ಒಂದೇ ಸಲ, ಬಣ್ಣ ಕಟ್ಟಬೇಡ," ಎಂದರು ದೊಡ್ಡಮ್ಮ. ದನಿ ಗದರಿತು, ಕಣ್ಣು ತುಂಬಿತು.

"ಎಲ್ಲರೂ ನಿಮ್ಮ ಹಾಗಾದರೆ ನಾನು ಅಂಗಡಿ ಮುಚ್ಚಬೇಕು ತಾಯಿ," ಎನ್ನುತ್ತ ಅವನು ಕಿಂಡಿ ಸರಿಯಾಗಿದೆ ಎಂದು ಶಾಲೆಗೆ ಚೀಟಿ ಬರೆದುಕೊಟ್ಟ.

ಅದನ್ನು ಸಾಲಿನವರೆಲ್ಲ ಕಾಣುವಂತೆ ಎತ್ತಿ ಹಿಡಿದು, ದೊಡ್ಡಮ್ಮ ಹುಡುಗಿಯೊಡನೆ ಮೆಟ್ಟಿಲಿಳಿದರು. ಕೇಳಿದವರ ಮನೆಯ ಮಕ್ಕಳಿಗೂ ಇಂಥ ಕೈ, ಇಂಥ ಗುರು ದೊರೆಯಲಿ.