ಹೊಟ್ಟ್ಯಾಗ ಹಂದಿ

ನಗಬ್ಯಾಡ್ರಿ! ಖರೆ ಹೇಳಾಕತ್ತೇನಿ. ಇಡೀ ಹಂದಿ ಅಲ್ಲ, ಅದರ ಮೇದೋಜೀರಕ. ನಿಮ್ದು ಸಣ್ಣಂದಿನಿಂದ ಕೆಲಸಾ ಬಿಟ್ಟು ಕುಂತೈತಿ, ಅದಕ್ಕ ಈ ಶುಗರ್, ಈ ಸೂಜಿ. ಹತ್ತನೇ ಕ್ಲಾಸಿನ್ಯಾಗ ಅದರ ಚಿತ್ರ ತಗದು ಶಹನಾಜ ಟೀಚರ್ ಕಡೆ ಶಹಬ್ಬಾಸ್ ಅನಿಸಿಕೊಂಡಾಕಿ ನಾ. ಈಗ ಗಂಡನ ಹೊಟ್ಟ್ಯಾಗ ಕೂಡಿಸೂ ಪಾಳಿ ಬಂತು!

ಏನಂದ್ರಿ? ಗಟಾರದ ಹಂದಿ? ಅಯ್ಯ, ನಮ್ಮ ಇಳಕಲ್ಲ ಹಂದಿ ಅಲ್ರಿ! ಬಾಗಲಕೋಟಿ ಡಾಕ್ಟರಬಾಯಿ ಹೇಳಿದ್ರು... ಸೋಸಿದ ಗಾಳಿ, ಸೋಸಿದ ನೀರು, ಅದನ್ನ ಸಾಕೂ ಕ್ವಾಣ್ಯಾಗ ಒಂದು ನೊಣಾ ಇಲ್ಲ. ಅತ್ತಿಯವರ ಮಡಿಗಿಂತ ಅದರ ಮಡಿ ಹೆಚ್ಚು. ನಿಮ್ಮನ್ನ ಕಂಡ್ರ ಅದ ಮೂಗು ಮುಚ್ಚಿಕೊಂಡೀತು!

ಆ ಮೇದೋಜೀರಕಾನ ಔಷಧದಾಗ ನೆನಸಿ, ಸಡಲ ಮಾಡಿ, ಅಲಗಾಡಿಸಿ, ಇನ್ಸುಲಿನ್ ಮಾಡೂ ಜೀವಕೋಶದ ಕಾಳುಗಳನ್ನಷ್ಟ ಆರಿಸ್ತಾರಂತ. ಸಾಸಿವಿಗಿಂತ ಸಣ್ಣು! ಅದರ ಮ್ಯಾಲೆ ಸಮುದ್ರದ ಪಾಚಿಯಿಂದ ಮಾಡಿದ ತೆಳ್ಳನ ಹೊದಿಕಿ. ಯಾಕಂದ್ರ ಇದು ಹಂದಿದು ಅಂತ ನಿಮ್ಮ ಮೈಗೆ ಗೊತ್ತಾಗಬಾರದು. ನಿಮ್ಮ ಮೈಗೇ ಗೊತ್ತಾಗೂದಿಲ್ಲ, ನಿಮ್ಮವ್ವಗ ಹೆಂಗ ಗೊತ್ತಾದೀತು?

ಕೊಳ್ಳಾಗ ಲಿಂಗ ಐತಿ ಅಂತೀರಿ... ಐತಿ, ಯಾರು ಇಲ್ಲಂದ್ರು? ಈಗ ಮಗ್ಗದ ಮುಂದ ಕುಂತು ನೀವ ಏನ್ ಮಾಡಾಕತ್ತೀರಿ? ಹತ್ತಿ ಎಳಿಗೆ ಸೆರಗಿನ ರೇಷ್ಮಿ ಎಳಿ ಕೊಂಡಿ ಹಾಕಾಕತ್ತೀರಿ. ಆ ರೇಷ್ಮಿ ಎಲ್ಲಿಂದ ಬಂತ್ರಿ? ಹುಳಾ ಕುದಿಸಿ! ಸೀರಿಗೆ ನಡೀತೈತಿ, ಹೊಟ್ಟಿಗೆ ನಡಿಯೂದಿಲ್ಲ? ಮೊದಲ ಈ ಸೂಜಿ ಔಷಧಾನೂ ಹಂದಿಯಿಂದ ಮಾಡ್ತಿದ್ರಂತ. ನಿಮ್ಮ ಹೊಳಬಸಪ್ಪ ಕಾಕಾ ಅದನ್ನ ಚುಚ್ಚಿಸಿಕೊಂಡು ಮಠದಾಗ ಪ್ರಸಾದ ಉಂಡಾರೋ ಏನೋ, ಪಾಪ!

ಹೂಂ, ನಕ್ಕೀರಿ. ನಗ್ರಿ.

ಇಲ್ರಿ, ಇನ್ನೂ ಪ್ರಯೋಗ. ಗ್ಯಾರಂಟಿ ಅಂತ ಅವರೂ ಅನ್ನಲಿಲ್ಲ. ಆದ್ರ ಶುಗರ್ ಇಳದದ್ದು ಗೊತ್ತಾಗದ ಧೊಪ್ಪಂತ ಬೀಳವರನ್ನ ಮೊದಲ ತಗೋತಾರಂತ. ನಿಮ್ಮಂಥವರನ್ನ. ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟಲ್ಲೇ ಹೊರಳ್ತೀರಿ, ನಾ ಬಾಯಾಗ ಸಕ್ರಿ ತುರುಕ್ತೇನಿ, ನೀವು ಎದ್ದು "ಚಹಾ ಆತೇನು?" ಅಂತ ಕೇಳ್ತೀರಿ! ನಿಮಗೇನ ನೆನಪಿರತೈತಿ, ಮಾರಾಯರ...

ಸೋಮವಾರ ಹೋಗಿ ಹೆಸರು ಕೊಡೂನು. ಹೂಂ ಅನ್ರಿ.

ಏ ವೀರೇಶ, ಅಪ್ಪನ ಕಡೆ ಬ್ಯಾಡ, ಇಲ್ಲಿ ಬಾ ನನ್ನ ಕಂದಾ... ರೀ, ಎತ್ತಕೋಬ್ಯಾಡ್ರಿ. ಬಿಡ್ರಿ. ಬಿಡ್ರಿ ಅಂದ್ನೆಲ್ಲ!

...ಇಲ್ಲ, ಹಂಗಲ್ಲ. ಎಳಿ ಹರದಾನು ಅಂತ ಅಂದೆ. ಅಷ್ಟ.

ಅವನ ಹಣಿ ಮ್ಯಾಲಿನ ಕಲಿ ಯಾಕ ನೋಡಾಕತ್ತೀರಿ? ಹೇಳೀನೆಲ್ಲ, ತೊಟ್ಲದಿಂದ ಬಿದ್ದ. ಅವತ್ತ ನೀವು ಮನ್ಯಾಗ... ಇದ್ರಿ, ಖರೆ, ಇದ್ರಿ. ಏನಾಗಿಲ್ಲ ಬಿಡ್ರಿ, ನಿಮಗ ಎಚ್ಚರ ಬರೂದ್ರೊಳಗ ನಾ ನಿಮ್ಮ ತೋಳಿನ ಕೆಳಗಿಂದ ಅವನ್ನ ಎತ್ತಿ, ರಕ್ತ ಒರಸಿ, ಅರಶಿಣ ಒತ್ತಿ...

...

ರೀ.

ಕೈ ಯಾಕ ಹಿಂದ ತಗೊಂಡ್ರಿ?

ಏನರೆ ಅನ್ರಿ... ಆ ಹಂದಿಗಾದ್ರೂ ಬೈರಿ.